ತುಳಸಿ ನೀರು ಸೋತ ತಟ್ಟೆ

ಮೊನ್ನೆ ಸೊಸೆ ಮಜ್ಜಿಗೆಗೆ ಹಾಕಲೆಂದು ಓಮವನ್ನು ಅಂಗೈಯಲ್ಲಿ ತಿಕ್ಕಿದಳು. ಆ ಖಾರದ ಘಾಟು ಮೂಗಿಗೆ ತಾಗಿದ್ದೇ ತಡ, ಬಂಗಾರಪೇಟೆಯ ಕಾಲೇಜಿನ ಪ್ರಯೋಗಾಲಯವೂ ಅಲ್ಲಿನ ಅಟೆಂಡರಮ್ಮನವರೂ ಕಣ್ಣೆದುರು ಬಂದು ನಿಂತರು...

ನಾನು ಆ ಕಾಲೇಜಿನಲ್ಲಿ ಸಂಸ್ಕೃತ ಬೋಧಿಸುತ್ತಿದ್ದೆ. ಆಂಡರ್ಸನ್‌ಪೇಟೆಯಿಂದ ದಿನವೂ ಹೋಗಿಬರುತ್ತಿದ್ದೆ. ಅವರು ಕಾಮಸಮುದ್ರದ ಬಸ್ಸಿನಲ್ಲಿ ಬರುವವರು. ಸೂಕ್ಷ್ಮಜೀವಿಗಳನ್ನು ಬೆಳೆಸುವ ಗಾಜಿನ ತಟ್ಟೆಗಳನ್ನು ತೊಳೆದು, ಕುಕ್ಕರಿನ ಆವಿಯಲ್ಲಿ ಬೇಯಿಸಿ ಶುದ್ಧಿಮಾಡುವುದು ಅವರ ಕೆಲಸ. ಆಮೇಲೆ ಯಾರಾದರೂ ಬರಿಗೈಯಲ್ಲಿ ಮುಟ್ಟಿದರೆ ಮುಗಿಯಿತು, ಸಿಡಿಮಿಡಿಗೊಳ್ಳುತ್ತಿದ್ದರು. "ನಿಮ್ಗೊಂದು ಮಡಿ, ನಂಗೊಂದು ಮಡಿ ಸಾಮಿ" ಎಂದು ನನ್ನನ್ನು ಛೇಡಿಸುತ್ತಿದ್ದರು.

ನಿವೃತ್ತಿಯ ಹಿಂದಿನ ವರ್ಷ, ವೈಶಾಖದ ಒಂದು ಮಧ್ಯಾಹ್ನ, ದೇವಾಲಯದ ಕಾದ ಕಲ್ಲುಹಾಸಿನ ಮೇಲೆ ಬರಿಗಾಲಿನಲ್ಲಿ ನೂರೆಂಟು ಪ್ರದಕ್ಷಿಣೆ ಮಾಡಿದೆ. ಬಲಗಾಲಿನ ಹೆಬ್ಬೆರಳ ಬುಡದಲ್ಲಿ ಬೊಬ್ಬೆ ಎದ್ದು ಹುಣ್ಣಾಯಿತು. ನನ್ನದು ಸಕ್ಕರೆ ಕಾಯಿಲೆಯ ಶರೀರ, ನೋವೇ ತಿಳಿಯಲಿಲ್ಲ. ತೀರ್ಥವು ಪಾದಕ್ಕೆ ಸೋಕಬಾರದೆಂದು ಬೇರೆಯೇ ಚೊಂಬಿನಲ್ಲಿ ತುಳಸಿ ನೆನೆಸಿ, ಆ ನೀರಿನಿಂದ ದಿನವೂ ಹುಣ್ಣನ್ನು ತೊಳೆಯುತ್ತಿದ್ದೆ. ವೈದ್ಯರ ಬಳಿಗೆ ಹೋದರೆ ತುಳಸಿಯನ್ನು ಅವಮಾನಿಸಿದಂತೆ ಎಂಬ ಭಾವ.

ಅಟೆಂಡರಮ್ಮನವರು ಒಂದು ದಿನ ನನ್ನನ್ನು ತಡೆದು ನಿಲ್ಲಿಸಿದರು. "ಏನ್ ಸಾಮಿ, ಕಾಲು ಎಳ್ಕೊಂಡು ನಡೀತಿದ್ದೀರಾ?" ಹುಣ್ಣು ನೋಡಿ ಅವರ ಮುಖ ಬಿಳುಚಿತು. "ಬೆರಳು ಓಗ್ತದೆ ಸಾಮಿ! ಡಾಕ್ಟ್ರ ತಾವ ಓಗಿ."

"ತುಳಸಿಗಿಂತ ದೊಡ್ಡ ಔಷಧವುಂಟೇನಮ್ಮಾ?" ಎಂದೆ.

"ಅಂಗಾದ್ರೆ ತಟ್ಟೇನೇ ಕೇಳಾಣ. ನಿಮ್ ನೀರು ಸೋತ್ರೆ ಸುಮ್ನೆ ನನ್ ಇಂದೆ ಬರ್ಬೇಕು."

ಆ ವಾರ ವಿದ್ಯಾರ್ಥಿಗಳು ಓಮ, ಲವಂಗ, ತುಳಸಿಗಳಿಂದ ಆವಿಯ ಮೂಲಕ ಸುಗಂಧ ತೈಲ ಇಳಿಸಿದ್ದರು. ಕೀವಿಗೆ ಕಾರಣವಾಗುವ ಬ್ಯಾಕ್ಟೀರಿಯಾವನ್ನು ತಟ್ಟೆಯಲ್ಲಿ ಹರಡಿ, ಅದರ ಮೇಲೆ ತೈಲದಲ್ಲಿ ಅದ್ದಿದ ಕಾಗದದ ಬಿಲ್ಲೆಗಳನ್ನು ಇಡುತ್ತಿದ್ದರು. ಅಟೆಂಡರಮ್ಮನವರು ಅಧ್ಯಾಪಕರ ಅನುಮತಿ ಪಡೆದು ನನ್ನ ನೀರಿನಲ್ಲಿ ಅದ್ದಿದ ಒಂದು ಬಿಲ್ಲೆಯನ್ನೂ ಇರಿಸಿದರು.

ಮರುದಿನ ತಟ್ಟೆಯನ್ನು ಬೆಳಕಿಗೆ ಹಿಡಿದಾಗ, ಓಮದ ಬಿಲ್ಲೆಯ ಸುತ್ತ ಚಂದ್ರನಿಗೆ ಕಟ್ಟಿದ ಪರಿವೇಷದಂತೆ ತಿಳಿಯಾದ ವೃತ್ತವಿತ್ತು. ಅಲ್ಲಿ ಒಂದು ಜೀವಿಯೂ ಬೆಳೆದಿರಲಿಲ್ಲ. ಲವಂಗದ ಸುತ್ತಲೂ ಹಾಗೆಯೇ. ತುಳಸಿಯ ತೈಲಕ್ಕೆ ಚಿಕ್ಕದೊಂದು ಉಂಗುರ. ನನ್ನ ನೀರಿನ ಬಿಲ್ಲೆಗೆ ಮಾತ್ರ ಅಂಚಿನವರೆಗೂ ಬ್ಯಾಕ್ಟೀರಿಯಾ ಬೆಳೆದು ಕೆನೆ ಕಟ್ಟಿತ್ತು.

"ನೋಡಿ ಸಾಮಿ, ಮದ್ವೆ ಊಟಕ್ಕೆ ಪಂಕ್ತೀಲಿ ಕೂತಂಗೆ ಕೂತವೆ!" ಎಂದು ಅವರು ನಕ್ಕರು. ನನಗೂ ನಗು ತಡೆಯಲಾಗಲಿಲ್ಲ. ತುಳಸಿ ಸೋತಿರಲಿಲ್ಲ, ಅದರ ಸಾರವನ್ನು ತಣ್ಣೀರು ಇಳಿಸಿಕೊಟ್ಟೀತೆಂದು ನಂಬಿದ ನಾನು ಸೋತಿದ್ದೆ.

ಆದರೂ ಹಟ ಬಿಡಲಿಲ್ಲ. "ಹಾಗಾದರೆ ಓಮದ ತೈಲವನ್ನೇ ಹಚ್ಚಿಕೊಳ್ಳುತ್ತೇನೆ" ಎಂದು ಶೀಶೆಗೆ ಕೈ ಚಾಚಿದೆ. ಅವರು ಅದನ್ನು ಕಿತ್ತುಕೊಂಡರು.

"ಉಳದ ಮೈಗೊಂದು ಜಿಡ್ಡಿನ ಪೊರೆ ಅದೆ. ಈ ಎಣ್ಣೆ ಅದಕ್ಕೆ ನುಗ್ಗಿ ತೂತು ಮಾಡ್ತದೆ, ಒಳಗಿದ್ದದ್ದೆಲ್ಲ ಸೋರೋಗ್ತದೆ. ನಿಮ್ ಚರ್ಮ ಏನ್ ಕಬ್ಬಿಣಾನಾ, ಸುಡ್ದೆ ಇರಾಕೆ? ತಟ್ಟೇಲಿ ಗೆದ್ದದ್ದೆಲ್ಲ ಕಾಲಲ್ಲೂ ಗೆಲ್ತದೆ ಅಂತ ಯಾರು ಏಳಿದ್ದು? ನಡೀರಿ, ಆಟೋ ನಿಂತದೆ."

ಶಿಷ್ಯನಂತೆ ಹಿಂಬಾಲಿಸಿದೆ. ಇನ್ನೊಂದು ವಾರ ತಡವಾಗಿದ್ದರೆ ಬೆರಳನ್ನು ಕತ್ತರಿಸಬೇಕಾಗುತ್ತಿತ್ತು ಎಂದರು ವೈದ್ಯರು. ಮಾತ್ರೆ, ಡ್ರೆಸ್ಸಿಂಗ್ ಎಂದು ಎರಡು ತಿಂಗಳು ಕಳೆದವು. ಕಟ್ಟು ಬಿಚ್ಚಿದ ದಿನ ಅಟೆಂಡರಮ್ಮನವರು ನನ್ನನ್ನು ಪ್ರಯೋಗಾಲಯದ ಈ ತುದಿಯಿಂದ ಆ ತುದಿಗೆ ನಡೆಸಿ ನೋಡಿದರು. ವಿದ್ಯಾರ್ಥಿಗಳು ಚಪ್ಪಾಳೆ ತಟ್ಟಿದರು. ಸ್ವಂತ ಮಗು ಮೊದಲ ಹೆಜ್ಜೆ ಇಟ್ಟಂತೆ ಅವರು ಹಿಗ್ಗಿದರು... ಅಷ್ಟು ಸಂತೋಷದ ನಡಿಗೆಯನ್ನು ನಾನು ಮತ್ತೆಂದೂ ನಡೆದಿಲ್ಲ.

ಅವರಿಗೆ ನಾನು ಒಮ್ಮೆಯೂ ಕೈಮುಗಿದಿರಲಿಲ್ಲ. ವಯಸ್ಸಿನಲ್ಲಿ ಕಿರಿಯರು ಎಂಬ ನೆಪ. ಕಳೆದ ತಿಂಗಳು ಅವರು ತೀರಿಕೊಂಡ ಸುದ್ದಿ ತಿಳಿದು, ಬಸ್ಸು ಹಿಡಿದು ಅವರ ಊರಿಗೆ ಹೋದೆ. ಮನೆಯ ಬಾಗಿಲಲ್ಲಿ ಪಾದರಕ್ಷೆ ಕಳಚಿ, ಪಟದ ಮುಂದೆ ಕೈಮುಗಿದು ನಿಂತೆ. ತಂಪಾದ ಸಾರಿಸಿದ ನೆಲಕ್ಕೆ ನನ್ನ ಕಾಲಿನ ಹತ್ತೂ ಬೆರಳುಗಳು ತಾಗಿದ್ದವು.