ಮಾಫಿ ಯಾರ ಸೊತ್ತು

ಕಡಲೆಬೇಳೆ ಹಲ್ವಾ ಮಾಡುವುದು ಮೈಗಳ್ಳರ ಕೆಲಸವಲ್ಲ. ಬೇಳೆಯನ್ನು ಹಾಲಿನಲ್ಲಿ ಬೇಯಿಸಿ, ನುಣ್ಣಗೆ ರುಬ್ಬಿ, ತುಪ್ಪ ಸುರಿದು, ಸಣ್ಣ ಉರಿಯ ಮುಂದೆ ನಿಂತು ತಳ ಹತ್ತದ ಹಾಗೆ ಮಗುಚುತ್ತಲೇ ಇರಬೇಕು. ರಟ್ಟೆ ಸೋತು ಸಾಕಪ್ಪಾ ಸಾಕು ಅನ್ನಿಸಿದ ಮೇಲೂ ಅದು ಬಾಣಲೆ ಬಿಡುವುದಿಲ್ಲ. ಶಬೆ ಬರಾತ್ ಹಬ್ಬದ ಮಧ್ಯಾಹ್ನ ಭದ್ರಾವತಿಯ ನಮ್ಮ ಓಣಿಯಲ್ಲಿ ಯಾವ ಬಾಗಿಲಿನ ಮುಂದೆ ನಿಂತರೂ ಏಲಕ್ಕಿಯದ್ದೇ ಪರಿಮಳ. ಸಂಜೆಯ ಹೊತ್ತಿಗೆ ಹಲ್ವಾದ ತಟ್ಟೆಗಳು ಕಸೂತಿ ಬಟ್ಟೆ ಹೊದ್ದುಕೊಂಡು ಮನೆಯಿಂದ ಮನೆಗೆ ಹೊರಡುತ್ತವೆ, ಪ್ರತಿ ತಟ್ಟೆಯ ಜೊತೆಗೂ ಒಂದು ಮಾತು ಹೊರಡುತ್ತದೆ: ‘ಕಹಾ ಸುನಾ ಮಾಫ್ ಕರೋ’. ನಾವು ಅಂದದ್ದು, ನೀವು ಕೇಳಿಸಿಕೊಂಡದ್ದು, ಎಲ್ಲವನ್ನೂ ಮನ್ನಿಸಿಬಿಡಿ ಎಂದು ಅದರ ಅರ್ಥ. ಹಲ್ವಾ ನನಗೆ ಈಗಲೂ ಇಷ್ಟ. ಆ ಮಾತು ಕಿವಿಗೆ ಬಿದ್ದರೆ ಮಾತ್ರ ಮೈಯೆಲ್ಲ ಉರಿಯುತ್ತದೆ. ಯಾಕೆಂದು ಹೇಳುತ್ತೇನೆ, ಕೇಳಿ.

ನನ್ನ ತವರು ಶಿವಮೊಗ್ಗ. ಗಂಡನಿಗೆ ಭದ್ರಾವತಿಯ ಕಾರ್ಖಾನೆಯಲ್ಲಿ ಕೆಲಸವಿತ್ತಾದ್ದರಿಂದ ಮದುವೆಯಾಗಿ ಇಲ್ಲಿಗೆ ಬಂದೆ. ತೊಂಬತ್ತರ ದಶಕದ ಕೊನೆಯ ಆ ವರ್ಷಗಳಲ್ಲಿ ಹಗಲು ಕನ್ನಡ ಶಾಲೆಯಲ್ಲಿ ಕಲಿಸುತ್ತಿದ್ದೆ. ಸಂಜೆ ಓಣಿಯ ಮಕ್ಕಳನ್ನು ಜಗುಲಿಯ ಮೇಲೆ ಕೂರಿಸಿಕೊಂಡು ನಮ್ಮ ಧರ್ಮದ ನಾಲ್ಕು ಮಾತು ಹೇಳಿಕೊಡುತ್ತಿದ್ದೆ. ಮಕ್ಕಳು ನನ್ನನ್ನು ಆಪಾ, ಅಂದರೆ ಅಕ್ಕ, ಎಂದು ಕರೆಯುತ್ತಿದ್ದವು. ಕೋಪ ನನಗೆ ಮೊದಲಿನಿಂದಲೂ ಮೂಗಿನ ತುದಿಯಲ್ಲೇ. ಅದನ್ನು ಮಕ್ಕಳ ಮೇಲೆ ತೀರಿಸಿಕೊಳ್ಳಬಾರದೆಂಬ ವಿವೇಕವಿತ್ತು, ದೊಡ್ಡವರ ವಿಷಯದಲ್ಲಿ ಅದೂ ಇರಲಿಲ್ಲ. ಮನೆಯೊಳಗೆ ನಮ್ಮದು ಉರ್ದು, ಬೀದಿಗಿಳಿದರೆ ಕನ್ನಡ, ಜಗುಲಿಯ ಮೇಲೆ ಎರಡೂ ಸೇರಿದ ಕಲಸುಮೇಲೋಗರ. ಅಂದಿನ ಮಾತುಗಳನ್ನು ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

ಒಂದು ವರ್ಷ ಶಬೆ ಬರಾತ್ ಹತ್ತಿರವಾದಾಗ ಆ ರಾತ್ರಿಯ ಪಾಠ ಶುರುವಾಯಿತು. ಕ್ಷಮೆಯ ರಾತ್ರಿ ಅದು, ಬೇಡಿದವರಿಗೆ ಬಾಗಿಲು ತೆರೆದಿರುತ್ತದೆ, ನಮಾಜು ಮಾಡಿ ಕೈಯೆತ್ತಿ ಕೇಳಿಕೊಳ್ಳಬೇಕು ಎಂದೆ. ಮಕ್ಕಳ ತಕರಾರುಗಳಿಗೆ ಕೊನೆಯಿದೆಯೇ? ‘ಮಧ್ಯದಲ್ಲಿ ನಿದ್ದೆ ಬಂದ್ರೆ ಬಾಗಿಲು ಹಾಕ್ಬಿಡ್ತಾರಾ ಆಪಾ?’ ಎಂದು ಒಬ್ಬ. ‘ಕರೆಂಟ್ ಹೋದ್ರೆ?’ ಎಂದು ಇನ್ನೊಬ್ಬಳು. ಅವರನ್ನೆಲ್ಲ ನಗಿಸಿ ಸುಮ್ಮನಾಗಿಸಿ, ನನಗೆ ಬಹಳ ಪ್ರಿಯವಾದ ಮಾತಿಗೆ ಬಂದೆ. ನಮಾಜು ತಪ್ಪಿಸಿದ್ದರೆ ಅದು ನಿನಗೂ ಅಲ್ಲಾಹನಿಗೂ ಸಂಬಂಧಪಟ್ಟದ್ದು, ಅವನು ಮನ್ನಿಸುತ್ತಾನೆ. ಆದರೆ ಪಕ್ಕದಲ್ಲಿ ಕೂತವನ ಕಾಲು ತುಳಿದಿದ್ದರೆ, ಮೊದಲು ಅವನ ಹತ್ತಿರ ಹೋಗು. ಅವನು ಮಾಫ್ ಅನ್ನುವ ತನಕ ಎಷ್ಟು ಸಲ ಹಣೆ ನೆಲಕ್ಕೆ ಹಚ್ಚಿದರೂ ಆ ತಪ್ಪು ಅಲ್ಲೇ ಇರುತ್ತದೆ. ಯೋಚಿಸಿ ನೋಡಿ, ಇಡೀ ಲೋಕದ ಒಡೆಯನಾದವನು ನೊಂದ ಜೀವದ ಕೈಯಲ್ಲಿ ಈ ಒಂದು ಅಧಿಕಾರವನ್ನು ಬಿಟ್ಟುಕೊಟ್ಟು ತಾನು ಹಿಂದೆ ಸರಿದು ನಿಂತಿದ್ದಾನೆ! ನಮ್ಮ ಧರ್ಮದಲ್ಲಿ ಇದಕ್ಕಿಂತ ಘನವಾದ ಮಾತು ನನಗೆ ಕಂಡಿಲ್ಲ.

ಮಕ್ಕಳು ತಕ್ಷಣ ವ್ಯವಹಾರಕ್ಕಿಳಿದವು. ಕಚ್ಚಿದ್ದು, ಚಿವುಟಿದ್ದು, ಪೆನ್ಸಿಲ್ ಮುರಿದದ್ದು ಎಲ್ಲವೂ ಜಗುಲಿಯ ಮೇಲೆ ಇತ್ಯರ್ಥವಾಗತೊಡಗಿದವು. ಒಂಬತ್ತು ವರ್ಷದ ತಬಸ್ಸುಮ್ ಮಾತ್ರ ಆ ಗದ್ದಲಕ್ಕೆ ಸೇರಲಿಲ್ಲ. ಗಲಾಟೆ ಅಡಗಿದ ಮೇಲೆ ಕೇಳಿದಳು: ‘ಆಪಾ, ದೊಡ್ಡೋರು ಚಿಕ್ಕೋರ ಹತ್ರಾನೂ ಕೇಳ್ಬೇಕಾ?’

‘ಕೇಳಲೇಬೇಕು,’ ಎಂದೆ.

ಅವಳ ಮನಸ್ಸಿನಲ್ಲಿ ಯಾರಿದ್ದಾರೆಂದು ನನಗೆ ಗೊತ್ತಿತ್ತು, ಇಡೀ ಓಣಿಗೂ ಗೊತ್ತಿತ್ತು. ಅವಳ ತಾಯಿ ಖೈರೂನ್, ಗಂಡನನ್ನು ಕಳೆದುಕೊಂಡವಳು, ಸಾಮಿಲ್ ಮಾಲೀಕರ ಮನೆಯಲ್ಲಿ ಮುಸುರೆ ತಿಕ್ಕಿ ಬಟ್ಟೆ ಒಗೆದು ಸಂಸಾರ ಸಾಗಿಸುತ್ತಿದ್ದಳು. ಆ ಮನೆಯ ಯಜಮಾನಿಯನ್ನು ಎಲ್ಲರೂ ಬಡೀಬೀ, ಅಂದರೆ ದೊಡ್ಡಮ್ಮ, ಎಂದೇ ಕರೆಯುತ್ತಿದ್ದರು. ಸ್ವಲ್ಪ ದಿನಗಳ ಹಿಂದೆ ಬಡೀಬೀಯ ಕಿವಿಯೋಲೆಯೊಂದು ಕಾಣೆಯಾಗಿತ್ತು. ಅಂದು ತಾಯಿಯ ಜೊತೆ ಹೋಗಿದ್ದ ತಬಸ್ಸುಮಳನ್ನು ಬಡೀಬೀ ರಟ್ಟೆ ಹಿಡಿದು ಓಣಿಯ ನಲ್ಲಿಯ ತನಕ ಎಳೆದುಕೊಂಡು ಬಂದು, ನೀರಿಗೆ ನಿಂತ ಹೆಂಗಸರೆಲ್ಲ ನೋಡುತ್ತಿದ್ದಂತೆ ಜಡೆ ಬಿಚ್ಚಿಸಿ, ಪಾಟಿಚೀಲ ಕೊಡವಿ, ಕಳ್ಳಿ ಎಂದು ಕೂಗಿದ್ದರು. ಎರಡು ದಿನದಲ್ಲಿ ಓಲೆ ಸಿಕ್ಕಿತು. ಬಡೀಬೀಯದೇ ದಿಂಬಿನ ಚೀಲದೊಳಗೆ, ಅದನ್ನು ಒಗೆಯಲು ತೆಗೆದ ಖೈರೂನಳ ಕೈಗೇ. ಸಿಕ್ಕಿತೆಂದು ಹೇಳಲು ಮಾತ್ರ ಯಾರೂ ನಲ್ಲಿಯ ಹತ್ತಿರ ಬರಲಿಲ್ಲ. ಶಾಲೆಯಲ್ಲಿ, ಅಂಗಡಿಯಲ್ಲಿ, ಆಟದಲ್ಲಿ ಆ ಮಗುವಿನ ಹೆಸರು ಕಳ್ಳಿ ಎಂದೇ ಉಳಿಯಿತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ನಮ್ಮ ಜಿಲ್ಲೆಯಲ್ಲಿ ಅಡಿಕೆಗೂ ಬರವಿಲ್ಲ, ಸಕ್ರೆಬೈಲಿನ ಬಿಡಾರದಲ್ಲಿ ಆನೆಗೂ ಬರವಿಲ್ಲ. ಆದರೆ ಕೆಲಸದವಳ ಮಗಳಿಗೂ ಮಾನವಿದೆ ಎಂದು ತಿಳಿದವರಿಗೆ ಆಗಲೂ ಬರ, ಈಗಲೂ ಬರ.

ಹಬ್ಬದ ದಿನ ಬಡೀಬೀ ಅಡುಗೆಮನೆಯಲ್ಲೇ ಖೈರೂನಳ ಕೈಗೆ ಬೆಳ್ಳಿ ವರಕು ಹಚ್ಚಿದ ಹಲ್ವಾದ ತಟ್ಟೆ ಕೊಟ್ಟು, ‘ಮಗಳಿಗೆ ಕೊಡು, ಕಹಾ ಸುನಾ ಮಾಫ್ ಅಂತ ಹೇಳು’ ಎಂದರಂತೆ. ಮಗಳು ತಟ್ಟೆ ಮುಟ್ಟಲಿಲ್ಲ. ಖೈರೂನ್ ಅದನ್ನು ಹಿಡಿದುಕೊಂಡು, ಮಗಳನ್ನೂ ಎಳೆದುಕೊಂಡು ನನ್ನ ಜಗುಲಿಗೆ ಬಂದಳು.

‘ನಲ್ಲಿ ಹತ್ರ ಬಂದು ಹೇಳ್ಲಿ ಅಂತಾಳೆ ಆಪಾ. ಕಳ್ಳಿ ಅಂದಿದ್ದು ಅಲ್ಲೇ ತಾನೇ ಅಂತಾಳೆ. ಇದನ್ನೆಲ್ಲ ತಲೆಗೆ ತುಂಬಿದೋರು ನೀವು, ನೀವೇ ಬಿಡಿಸಿ.’

ನಾನೇಕೆ ಬಿಡಿಸಲಿ? ಹುಡುಗಿಯ ಮಾತಿನಲ್ಲಿ ತಪ್ಪೇನಿತ್ತು? ಬೀದಿಯಲ್ಲಿ ಹರಿದ ಮಾನವನ್ನು ಅಡುಗೆಮನೆಯಲ್ಲಿ ಹೊಲಿದುಕೊಡುತ್ತೇನೆಂದರೆ ಯಾರು ಒಪ್ಪುತ್ತಾರೆ? ಹಾಗೆಂದು ಹೇಳುವಷ್ಟರಲ್ಲಿ, ಸುದ್ದಿ ಮುಟ್ಟಿತ್ತೇನೋ, ಬಡೀಬೀಯೇ ಬಂದು ಜಗುಲಿಯ ಮೇಲೆ ಕೂತುಬಿಟ್ಟರು. ಗಮನಿಸಿ, ಅವರ ಮನೆಯಿಂದ ನಮ್ಮ ಮನೆಗೆ ಬರಬೇಕಾದರೆ ಆ ನಲ್ಲಿಯನ್ನು ದಾಟಿಯೇ ಬರಬೇಕು. ಹಬ್ಬದ ಸಂಜೆ ಅಲ್ಲಿ ಕೊಡಗಳ ಸಾಲಿತ್ತು, ಅಂದು ನೋಡಿದ ಹೆಂಗಸರೇ ನಿಂತಿದ್ದರು. ಅವರನ್ನು ದಾಟಿ ನನ್ನ ಜಗುಲಿಯ ತನಕ ನಡೆಯಲು ಬಡೀಬೀಯ ಕಾಲಿಗೆ ಶಕ್ತಿಯಿತ್ತು, ಅಲ್ಲಿ ನಿಂತು ಒಂದು ಮಾತಾಡಲು ಬಾಯಿಗೆ ಇರಲಿಲ್ಲ.

‘ಮನಸ್ಸಲ್ಲಿ ದ್ವೇಷ ಇಟ್ಕೊಂಡೋರಿಗೆ ಈ ರಾತ್ರಿ ಮಾಫಿ ಸಿಗಲ್ಲ ಅಂತ ನೀವು ಹೇಳ್ಕೊಡಲ್ವಾ?’ ಎಂದರು ನನಗೆ. ‘ಆ ಮಗೂಗೆ ಬುದ್ಧಿ ಹೇಳಿ. ನಂಗೇನೂ ಇಲ್ಲ, ಪಾಪ, ಅದಕ್ಕೇ ನಷ್ಟ.’

ಆ ‘ಪಾಪ’ ಕೇಳಿ ನನಗೆ ನಖಶಿಖಾಂತ ಉರಿಯಿತು. ‘ದ್ವೇಷ ಬೇರೆ, ಹಕ್ಕು ಬೇರೆ ಬಡೀಬೀ. ನಲ್ಲಿ ಇಲ್ಲಿಂದ ಕಾಣುತ್ತೆ. ಹೆಂಗಸ್ರೂ ಅಲ್ಲೇ ಇದಾರೆ. ಓಲೆ ನನ್ನ ದಿಂಬಲ್ಲೇ ಇತ್ತು ಅಂತ ಒಂದು ಮಾತು ಹೇಳಿ ಹೋಗಿ, ಸಾಕು,’ ಎಂದೆ.

‘ನಾನಾ? ನಲ್ಲಿಕಟ್ಟೆ ಮೇಲೆ ನಿಂತ್ಕೊಂಡು, ಈ ಹುಡುಗಿ ಹತ್ರ?’ ಬಡೀಬೀ ಎದ್ದು ನಿಂತರು. ನನ್ನ ಕಡೆ ತಿರುಗಿಯೂ ನೋಡದೆ ಖೈರೂನಳಿಗೆ ಹೇಳಿದರು: ‘ನಾಳೆಯಿಂದ ಕೆಲಸಕ್ಕೆ ಬರ್ತೀಯೋ ಬಿಡ್ತೀಯೋ, ನೀನೇ ಯೋಚನೆ ಮಾಡು.’

‘ಮಾಫ್ ಬಡೀಬೀ, ಮಾಫ್!’ ಖೈರೂನ್ ಗಾಬರಿಯಿಂದ ಅಂದಳು. ‘ಅವಳ ಪರವಾಗಿ ನಾನು ಕೊಟ್ಟೆ. ಎಲ್ಲ ಮಾಫ್.’

‘ಅಲ್ಹಮ್ದುಲಿಲ್ಲಾಹ್,’ ಎಂದು ದೇವರನ್ನು ಕೊಂಡಾಡಿ ಬಡೀಬೀ ಜಗುಲಿಯಿಳಿದರು.

ಖೈರೂನಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಬೆಳಗಾದರೆ ಒಲೆ ಹಚ್ಚಬೇಕಾದವಳು ಅವಳು, ನಾನಲ್ಲ. ಸಿಟ್ಟು ಬಂದದ್ದು ಈ ಸಗಟು ಮಾಫಿಯ ಮೇಲೆ. ಇದು ನಮ್ಮ ಓಣಿಯ ರೋಗ ಮಾತ್ರವೂ ಅಲ್ಲ. ಶಿವಮೊಗ್ಗದಲ್ಲಿ ನಮ್ಮ ಅಬ್ಬಾ ಸಣ್ಣದೊಂದು ಗಡಿಯಾರ ರಿಪೇರಿ ಅಂಗಡಿ ಇಟ್ಟಿದ್ದರು. ಒಮ್ಮೆ ಊರಿನಲ್ಲಿ ಗಲಾಟೆಯಾದಾಗ ಅಂಗಡಿಯ ಗಾಜೆಲ್ಲ ಪುಡಿಯಾಯಿತು. ಆಮೇಲೆ ಶಾಂತಿ ಸಭೆ ನಡೆಯಿತು; ಒಡೆದವರನ್ನೂ ಒಡೆಸಿಕೊಂಡವರನ್ನೂ ಒಂದೇ ಸಾಲಿನಲ್ಲಿ ಕೂರಿಸಿ, ಚಹಾ ಕೊಟ್ಟು, ಕೈ ಕುಲುಕಿಸಿ, ಫೋಟೋ ತೆಗೆದರು. ಒಡೆದದ್ದು ಯಾರು ಎಂದು ಯಾರೂ ಕೇಳಲಿಲ್ಲ, ನಾನು ಎಂದು ಯಾರೂ ಅನ್ನಲಿಲ್ಲ. ಅಬ್ಬಾ ‘ಆಯ್ತು ಬಿಡಿ’ ಅಂದು ಎದ್ದು ಬಂದು, ಹೊಸ ಗಾಜನ್ನು ತಮ್ಮ ದುಡ್ಡಿನಲ್ಲೇ ಹಾಕಿಸಿದರು. ಹಬ್ಬ ಯಾವುದೇ ಆಗಲಿ, ಸಭೆ ಯಾರದ್ದೇ ಆಗಲಿ, ನಮ್ಮಲ್ಲಿ ಕ್ಷಮೆ ಸದಾ ಕೆಳಗಿನಿಂದ ಮೇಲಕ್ಕೇ ಹರಿಯುತ್ತದೆ. ಮೇಲಿದ್ದವರಿಗೆ ಕೇಳುವ ತೊಂದರೆಯನ್ನೂ ಕೊಡದೆ ಕೆಳಗಿದ್ದವರು ಕೊಟ್ಟುಬಿಡಬೇಕು, ಕೊಡದಿದ್ದರೆ ಅವರೇ ಹಟಮಾರಿಗಳು, ಅವರೇ ದ್ವೇಷಿಗಳು. ಎಂಥ ಅನ್ಯಾಯದ ಏರ್ಪಾಡು ಇದು!

ತಬಸ್ಸುಮ್ ಅಷ್ಟು ಹೊತ್ತೂ ಕಂಬ ಹಿಡಿದು ನಿಂತಿದ್ದಳು. ಬಡೀಬೀ ಇಳಿದು ಹೋದದ್ದೇ ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಅವರ ಹಿಂದೆಯೇ ಓಡಿದಳು. ಖೈರೂನ್ ಕೂಗಿದಳು, ನಾನು ಚಪ್ಪಲಿಯನ್ನೂ ಮೆಟ್ಟದೆ ಹೊರಬಿದ್ದೆ. ನಲ್ಲಿಯ ಹತ್ತಿರ ಹೆಂಗಸರು ಬಡೀಬೀಯನ್ನು ನಿಲ್ಲಿಸಿಕೊಂಡು ಒಬ್ಬೊಬ್ಬರಾಗಿ ಕಹಾ ಸುನಾ ಮಾಫ್ ಅನ್ನುತ್ತಿದ್ದರು, ಅವರೂ ಧಾರಾಳವಾಗಿ ಮಾಫ್ ಮಾಫ್ ಅನ್ನುತ್ತಿದ್ದರು. ಹುಡುಗಿ ಕೊಡಗಳ ಮಧ್ಯೆ ನುಸುಳಿ ತಟ್ಟೆಯನ್ನು ಕಟ್ಟೆಯ ಮೇಲೆ ಇಟ್ಟಳು.

‘ಬಡೀಬೀ, ಅಮ್ಮಿ ಕೊಟ್ಟಿದ್ದು ಅಮ್ಮೀದು,’ ಎಂದಳು. ‘ನಂದು ಇನ್ನೂ ನನ್ನ ಹತ್ರಾನೇ ಇದೆ. ಬೇಕಿದ್ರೆ ಇಲ್ಲೇ ಕೇಳಿ.’

ಕೊಡ ತುಂಬಿ ನೀರು ಚೆಲ್ಲುತ್ತಿದ್ದರೂ ಯಾರೂ ನಲ್ಲಿ ನಿಲ್ಲಿಸಲಿಲ್ಲ. ಪಕ್ಕದ ಮನೆಯ ಸೆಲ್ವಿಯಕ್ಕ, ಯಾರಿಗೂ ಹೆದರದ ಹೆಂಗಸು, ‘ಕೇಳಿಬಿಡಮ್ಮ, ಅದರಲ್ಲೇನು ಬಂತು? ಚಿಕ್ಕ ಮಗು,’ ಎಂದಳು. ಬಡೀಬೀ ಬುರ್ಖಾದ ಸೆರಗನ್ನು ಸರಿಮಾಡಿಕೊಂಡರು, ಎಲ್ಲರನ್ನೂ ಒಮ್ಮೆ ನೋಡಿದರು, ಆಮೇಲೆ ತಮ್ಮ ಮನೆಯ ಕಡೆ ನಡೆದುಹೋದರು. ಕೇಳಲಿಲ್ಲ. ಮರುದಿನದಿಂದ ಖೈರೂನಳಿಗೆ ಆ ಮನೆಯ ಕೆಲಸವೂ ಇರಲಿಲ್ಲ. ಬೇರೆ ಕೆಲಸ ಸಿಗುವ ತನಕ ಅವಳು ಪಟ್ಟ ಪಾಡು ಬೇರೆಯೇ ಕಥೆ. ಮಾಫಿ ಕೇಳಬೇಕಾದವರು ಯಾರೆಂದು ಎಲ್ಲರೂ ಕಣ್ಣಾರೆ ಕಂಡದ್ದರಿಂದ, ಕಳ್ಳಿ ಎಂಬ ಹೆಸರು ಮಾತ್ರ ಆ ಸಂಜೆ ನಲ್ಲಿಯ ಕಟ್ಟೆಯಲ್ಲೇ ಸತ್ತಿತು. ಮತ್ತೆ ಯಾರ ಬಾಯಲ್ಲೂ ಅದನ್ನು ನಾನು ಕೇಳಲಿಲ್ಲ.

ಎಂಥ ಗಟ್ಟಿಗಿತ್ತಿ ಎಂದು ಹೆಮ್ಮೆಪಡುತ್ತಾ ನಾನು ಅವಳ ಕೈ ಹಿಡಿದುಕೊಂಡು ಮನೆಯ ಕಡೆ ನಡೆದೆ. ಮುಸ್ಸಂಜೆಯ ನಮಾಜಿಗೆ ಕರೆಯುವ ಮಗ್ರಿಬ್ ಅಜಾನ್ ಆಗುತ್ತಿತ್ತು, ಹೆಂಗಸರು ತಲೆಯ ಮೇಲೆ ಸೆರಗು ಎಳೆದುಕೊಳ್ಳುತ್ತಾ ಮನೆ ಸೇರುತ್ತಿದ್ದರು, ಕ್ಷಮೆಯ ರಾತ್ರಿ ಶುರುವಾಗುತ್ತಿತ್ತು. ನಮ್ಮ ಜಗುಲಿಯ ಮೆಟ್ಟಿಲ ಹತ್ತಿರ ಬಂದಾಗ ಅವಳು ನಿಂತಳು. ಕಣ್ಣಿನ ತುಂಬ ನೀರಿತ್ತು.

‘ಆಪಾ, ಬಡೀಬೀ ಹೇಳಿದ್ದು ನಿಜಾನಾ? ಈಗ ಅಲ್ಲಾಹ್ ನಂಗೆ ಮಾಫ್ ಮಾಡಲ್ವಾ?’

‘ಮಾಡ್ತಾನೆ ಕಣೇ, ಎಲ್ಲರಿಗಿಂತ ಮೊದ್ಲು ನಿಂಗೇ,’ ಎಂದು ಅವಳನ್ನು ಅಪ್ಪಿಕೊಂಡೆ. ಮನ್ನಿಸಲು ಆ ಮಗುವಿನ ಹತ್ತಿರ ಯಾವ ತಪ್ಪಾದರೂ ಎಲ್ಲಿತ್ತು? ಆ ರಾತ್ರಿಗೆ ಹೆದರಬೇಕಾಗಿದ್ದವರು ತಲೆಯೆತ್ತಿಕೊಂಡು ಮನೆಗೆ ಹೋಗಿದ್ದರು, ಹೆದರಿ ಅಳುತ್ತಿದ್ದದ್ದು ಒಂಬತ್ತು ವರ್ಷದ ತಬಸ್ಸುಮ್. ನನ್ನನ್ನು ಅಂದದ್ದು, ನನಗೆ ಮಾಡಿದ್ದು ಎಷ್ಟೋ ಇವೆ, ಎಲ್ಲವನ್ನೂ ಮನ್ನಿಸಿದ್ದೇನೆ. ಇದೊಂದನ್ನು ನಾನು ಈ ತನಕ ಯಾರಿಗೂ ಮಾಫ್ ಮಾಡಿಲ್ಲ.