ಸೇನಾಪತಿಯ ಪರವಾಗಿ, ಅಪ್ಪನ ಎದುರು

ಕೊಲ್ಲಿ ನಾಡಿನ ಅಲ್ ನಹ್ದಾದ ನಮ್ಮ ಫ್ಲ್ಯಾಟಿನಲ್ಲಿ ಆಗಾಗ ತಾಳಮದ್ದಳೆ ನಡೆಯುತ್ತದೆ. ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಪಾತ್ರವಾಗಿ ವಾದಿಸುವುದು. ಚೆಂಡೆ ಬಾರಿಸಿದರೆ ವಾಚ್‌ಮನ್ ಬಾಗಿಲು ತಟ್ಟುತ್ತಾನೆ, ಹಾಗಾಗಿ ತಾಳ ಮತ್ತು ಮೆಲ್ಲನೆ ಮದ್ದಳೆ, ಅಷ್ಟೇ. ದೂರದ ರುವೈಸ್‌ನ ಕೆಲಸದಿಂದ ವಾರಾಂತ್ಯಕ್ಕೆ ಬರುವ ಅಪ್ಪ ಇಲ್ಲಿಯ ಹುಲಿ. ಕಾಲೇಜಿನ ಡಿಬೇಟ್‌ನಲ್ಲಿ ನಾನು ಕಪ್ ಗೆದ್ದಿರಬಹುದು. ಎದುರಾಳಿಯ ವಾದವನ್ನು ಪೂರ್ತಿ ಬಲದಲ್ಲಿ ನಿಲ್ಲಿಸಿ ಆಮೇಲೆ ಒಡೆಯುವುದನ್ನು ಕಲಿತದ್ದು ಈ ಹಾಲ್‌ನ ಚಾಪೆಯ ಮೇಲೆ.

ಎದುರು ಫ್ಲ್ಯಾಟಿನ ಪೋಲೆಂಡಿನ ಆಂಟಿಯ ಅಜ್ಜ ಅಶ್ವದಳದ ಜನರಲ್ ಆಗಿದ್ದವರು. ಯಾವ ಪಾರ್ಟಿಗೆ ಹೋದರೂ ಅವರಿಗೆ ಒಂದೇ ತಮಾಷೆ: "ಓಹ್, ಟ್ಯಾಂಕಿಗೆ ಕುದುರೆ ನುಗ್ಗಿಸಿದವರಾ?" ಒಮ್ಮೆ ನಮ್ಮಲ್ಲಿ ಚಾ ಕುಡಿಯುತ್ತಾ ಕೇಳಿದರು, "ನಿಮ್ಮ ಆಟದಲ್ಲಿ ರಾಕ್ಷಸರಿಗೂ ಮಾತಾಡಲು ಅವಕಾಶ ಇದೆಯಂತೆ. ಆ ಟ್ಯಾಂಕಿನ ಕಥೆ ಸುಳ್ಳು. ನನ್ನ ಅಜ್ಜನಿಗೂ ಒಂದು ಸಲ ಅವಕಾಶ ಕೊಡುತ್ತೀರಾ?"

ನಾನು ಸುಲಭಕ್ಕೆ ನಂಬುವವಳಲ್ಲ. ಮೊಮ್ಮಗಳ ಹೆಮ್ಮೆ ಸಾಕ್ಷಿಯಾಗುವುದಿಲ್ಲ ಎಂದು ಮುಖಕ್ಕೇ ಹೇಳಿದೆ. "ಗುಡ್, ಹುಡುಕು," ಎಂದರು. ಹುಡುಕಿದೆ. ಎರಡನೇ ಮಹಾಯುದ್ಧದ ಶುರುವಿನಲ್ಲಿ ಸವಾರರು ನುಗ್ಗಿದ್ದು ಕಾಲಾಳುಗಳ ಮೇಲೆ, ಟ್ಯಾಂಕಿನ ಮೇಲಲ್ಲ. ಆಮೇಲೆ ಬಂದ ಉಕ್ಕಿನ ಗಾಡಿಗಳು ಅವರನ್ನು ಹೊಡೆದುರುಳಿಸಿದವು. ಹೆಣಗಳನ್ನು ತೋರಿಸಿ ಕಥೆ ಕಟ್ಟಿದವರು ಶತ್ರುಗಳು. ಅಜ್ಜನ ಬದುಕನ್ನೂ ಆಂಟಿಯಿಂದ ಕೆದಕಿ ತೆಗೆದೆ. ಪೋಲೆಂಡ್ ಎಂಬ ದೇಶವೇ ನಕ್ಷೆಯಲ್ಲಿಲ್ಲದ ಕಾಲದಲ್ಲಿ ಪರರ ಚಕ್ರವರ್ತಿಗಾಗಿ ಸವಾರಿ, ಆಮೇಲೆ ಸ್ವಂತ ದೇಶಕ್ಕೆ, ಸೋಲು, ಸೆರೆ, ಕೊನೆಗೆ ಇಂಗ್ಲೆಂಡಿನ ಗೋದಾಮೊಂದರಲ್ಲಿ ಪೆಟ್ಟಿಗೆ ಎತ್ತುವ ಕೆಲಸ.

ಶನಿವಾರ ಸಂಜೆ ನೆರೆಯವರೆಲ್ಲ ಹಾಲ್‌ನಲ್ಲಿ ಸೇರಿದರು. ನಾನು ಜನರಲ್, ಅಪ್ಪ ಶತ್ರು ಸೇನಾಪತಿ. ಅಮ್ಮ ಆಂಟಿಯ ಕಿವಿಯಲ್ಲಿ ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು.

"ಬನ್ನಿ ಬುದ್ಧಿವಂತರೇ!" ಅಪ್ಪ ಶುರು ಮಾಡಿದರು. "ಹುಲ್ಲು ತಿನ್ನುವ ಪ್ರಾಣಿಯನ್ನು ಉಕ್ಕಿಗೆ ಗುದ್ದಿಸಿದ ಮಹಾಶೂರರು ತಾವೇಯೋ?"

ಆಂಟಿ ಕೆಂಪಾಗಿ ಎದ್ದೇಬಿಟ್ಟರು. ಅಮ್ಮ ಕೈ ಹಿಡಿದೆಳೆದಳು: "ಕೂತ್ಕೊಳ್ಳಿ ಮಾರಾಯ್ರೇ, ಇದು ಮರ್ಯಾದೆ. ಸಣ್ಣಪುಟ್ಟವರನ್ನು ಇವರು ಇಷ್ಟು ಬಯ್ಯುವುದಿಲ್ಲ!"

"ಗುದ್ದಿಸಿದ್ದಕ್ಕೆ ಸಾಕ್ಷಿ ಯಾರು?" ಎಂದೆ.

"ನಾನೇ!"

"ಭಲೇ! ಕೊಂದವನೇ ಸಾಕ್ಷಿ, ಕೊಂದವನೇ ಕಥೆಗಾರ! ಕುದುರೆ ನಮ್ಮನ್ನು ಕೆಸರು ದಾಟಿಸಿತು, ಕಾಡು ದಾಟಿಸಿತು. ಹೆಚ್ಚಾಗಿ ಹೋರಾಡಿದ್ದು ಇಳಿದು, ನೆಲದ ಮೇಲೆ ನಿಂತು."

ಹಾಲ್ ತುಂಬ ನಗು. ಅಪ್ಪ ಮಾತ್ರ ನಗಲಿಲ್ಲ. "ಆಯಿತು. ಆದರೂ ಸೋತೆಯಲ್ಲ? ಸೋತವನಿಗೆ ಎಂತ ಹೆಮ್ಮೆ?"

ಡಿಬೇಟ್‌ನಲ್ಲಾದರೆ ಪಾಯಿಂಟ್ ಬದಲಿಸಿ ಜಾರಿಕೊಳ್ಳುತ್ತಿದ್ದೆ. ಇಲ್ಲಿ ನಾನೇ ಆ ಮನುಷ್ಯ, ಜಾರುವುದೆಲ್ಲಿಗೆ?

"ಸೋತೆ," ಎಂದೆ. "ನನ್ನನ್ನು ಗಡಿ ದಾಟಿಸಲು ಕಾರು ಬಂದಿತ್ತು. ನನ್ನ ಸವಾರರಿಗೆ ಬಂದಿರಲಿಲ್ಲ. ಅವರ ಜೊತೆ ಸೆರೆಗೆ ನಡೆದೆ. ನೀನು ಗೆದ್ದೆ, ಸರಿ. ನಿನ್ನವರ ಜೊತೆ ಎಲ್ಲಿಯವರೆಗೆ ನಡೆದೆ, ಹೇಳು."

ಅಪ್ಪ ಮದ್ದಳೆಯವರಿಗೆ ಮುಗಿಸಿ ಎಂದು ಕೈಸನ್ನೆ ಮಾಡಿದರು. ಬೇಕೆಂದೇ ಬಿಟ್ಟುಕೊಟ್ಟರೇನೋ ಎಂದು ದಿಟ್ಟಿಸಿದೆ. ಇಲ್ಲ, ನಿಜವಾಗಿ ಸಿಕ್ಕಿಬಿದ್ದಿದ್ದರು. ಆ ಹೆಮ್ಮೆಯನ್ನು ಮುಚ್ಚಿಡುವ ವಿನಯ ನನಗಿಲ್ಲ.

ಊಟದ ಹೊತ್ತಿಗೆ ಪಕ್ಕದ ಫ್ಲ್ಯಾಟಿನ ಭಟ್ಕಳದ ಅಂಕಲ್ ತಟ್ಟೆ ಹಿಡಿದು ಆಂಟಿಯ ಬಳಿ ಬಂದರು. ತಮಾಷೆ ಬಿಡುವವರಲ್ಲ ಅವರು. ಬಂತು ಟ್ಯಾಂಕ್ ಎಂದುಕೊಂಡೆ.

"ಮೇಡಂ, ಆ ಕಾರು ಖಾಲಿಯೇ ವಾಪಸ್ ಹೋಯಿತಾ?"

"ಇಲ್ಲ," ಎಂದರು ಆಂಟಿ. "ಗಾಯವಾದವರನ್ನು ಕೂರಿಸಿ ಕಳಿಸಿದರು."

ಅದು ನನಗೂ ಗೊತ್ತಿರಲಿಲ್ಲ. ಇನ್ನಿಬ್ಬರು ಕುರ್ಚಿ ಎಳೆದುಕೊಂಡರು. ಆಂಟಿಯ ತಟ್ಟೆಯಲ್ಲಿ ಗರಿಗರಿ ಕೋರಿರೊಟ್ಟಿ ಕೋಳಿಸಾರು ಕುಡಿದು ಮೆತ್ತಗಾಗುತ್ತಿತ್ತು. ಅವರು ಅಜ್ಜನ ಕಥೆ ಹೇಳುತ್ತಲೇ ಇದ್ದರು.