ಭಾಷಣ ಮುಗಿಯುವುದರೊಳಗೆ ಹೊತ್ತು ಮುಳುಗಿತು

ಕಳೆದ ಗುರುವಾರ ಸಂಜೆ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು, ದೂರದಿಂದ ಬಂದವರನ್ನು ಹೇಗೆ ಆದರಿಸಬೇಕು ಎಂಬ ವಿಷಯದ ಮೇಲೆ ನಾನು ಒಂದೂವರೆ ಗಂಟೆ ಮಾತಾಡಿದೆ. ಮಾತು ಮುಗಿಯುವಷ್ಟರಲ್ಲಿ, ದೂರದಿಂದ ಬಂದ ಅತಿಥಿ ಉಪವಾಸ ಬಿದ್ದಳು.

ಅತಿಥಿಗೆ ಹತ್ತು ವರ್ಷ.

ನಗಬೇಡಿ. (ನಗಿ, ಪರವಾಗಿಲ್ಲ. ಹಾಸನದ ಸಂತೆಯಲ್ಲಿ ಕಳೆದುಹೋದ ನನ್ನ ಕೊಡೆಯನ್ನೇ ನಾನು ಚೌಕಾಸಿ ಮಾಡಿ ಕೊಂಡುಕೊಂಡು ಬಂದ ಕತೆಯನ್ನು ಇದೇ ಅಂಕಣದಲ್ಲಿ ಓದಿ ನಕ್ಕವರು ಇದಕ್ಕೂ ನಗಬಹುದು.)

ನಾನು ಶ್ರವಣಬೆಳಗೊಳದಲ್ಲಿ ಜಾಗ್ರಫಿ ಮೇಷ್ಟ್ರು ಅನ್ನುವುದು ನಿಮಗೆ ಗೊತ್ತೇ ಇದೆ. ಪ್ರಪಂಚವೆಲ್ಲ ನನ್ನ ಬೋರ್ಡಿನ ಮೇಲಿದೆ. ನಾನು ಮಾತ್ರ ತಿಪಟೂರು ದಾಟಿ ಆಚೆಗೆ ಹೋದದ್ದು ಎರಡೇ ಸಲ.

ಎರಡು ತಿಂಗಳ ಹಿಂದೆ ನಮ್ಮ ಕ್ಲಾಸಿಗೆ ಒಬ್ಬ ಹೊಸ ಹುಡುಗಿ ಬಂದಳು. ಹೆಸರು ನಿಂಗಮ್ಮ. ಅಪ್ಪ ಅಮ್ಮ ಬಾಗೂರಿನ ಕಡೆಯವರು, ಹುಡುಗಿ ಹುಟ್ಟಿ ಬೆಳೆದದ್ದೆಲ್ಲ ರಂಗೂನಿನಲ್ಲಿ. ಅಪ್ಪನಿಗೆ ಅಲ್ಲಿ ಲಾರಿ ಡ್ರೈವರ್ ಕೆಲಸ. ಜಪಾನಿನವರ ಬಾಂಬು ಬೀಳತೊಡಗಿದಾಗ ಅವನು ಹೆಂಡತಿ ಮಗಳನ್ನು ಹೇಗೋ ಸ್ಟೀಮರ್ ಹತ್ತಿಸಿ ತಾನು ಹಿಂದೆ ಉಳಿದ. ತಾಯಿ ಮಗಳು ಮದರಾಸಿನಲ್ಲಿ ಇಳಿದು, ತಿಪಟೂರಿನವರೆಗೆ ರೈಲಿನಲ್ಲಿ, ಅಲ್ಲಿಂದ ಪೆಟ್ರೋಲಿಗೆ ಬದಲು ಇದ್ದಿಲಿನಲ್ಲಿ ಓಡುವ ಬಸ್ಸಿನಲ್ಲಿ (ಅರ್ಧ ದಾರಿ ಬಸ್ಸನ್ನು ತಳ್ಳಿಕೊಂಡು) ನಮ್ಮೂರು ಸೇರಿದರು. ಇಲ್ಲಿ ಬಸ್ಸು ನಿಲ್ಲುವ ಕಡೆ ಹುಡುಗಿಯ ಸೋದರಮಾವ ತಮ್ಮೇಗೌಡರ ಕಾಫಿ ಹೋಟೆಲಿದೆ. ತಾಯಿ ಅಲ್ಲಿ ಹಿಟ್ಟು ರುಬ್ಬುತ್ತಾಳೆ. ಅಪ್ಪನಿಂದ ಇವತ್ತಿನವರೆಗೂ ಒಂದು ಕಾಗದವಿಲ್ಲ.

ಹುಡುಗಿ ಸ್ಕೂಲಿಗೆ ಬಂದ ಮೊದಲ ದಿನವೇ ರಂಗ ಅನ್ನುವ ಹುಡುಗ ಸ್ಲೇಟು ಎತ್ತಿಕೊಂಡು ಎದ್ದು ನಿಂತ.

"ನಾನು ಅವಳ ಪಕ್ಕ ಕೂರಾಕಿಲ್ಲ ಸಾ."

"ಯಾಕೋ?"

"ಬರ್ಮಾದೋರು ಎಲ್ಲಿಗೋದ್ರೂ ಇಮಾನ ಇಂದ್ಗುಟ್ಟೆ ಬತ್ತದಂತೆ ಸಾ. ಬಾಂಬ್ ಆಕ್ತದಂತೆ. ನಮ್ಮವ್ವ ಏಳ್ತು."

ಅವರವ್ವ ಹೇಳಿದ ಮೇಲೆ ಮುಗಿಯಿತಲ್ಲ! ಬೆಂಚು ಖಾಲಿಯಾಯಿತು. ಎರಡು ತಿಂಗಳಿನಿಂದ ನಿಂಗಮ್ಮ ಒಂದು ಇಡೀ ಬೆಂಚಿನ ಮೇಲೆ ಒಬ್ಬಳೇ ಕೂರುತ್ತಿದ್ದಾಳೆ. ನನ್ನ ಮಗಳು ಪದ್ಮಾ ಅದೇ ಕ್ಲಾಸು. ಅವಳು ಹತ್ತಿರ ಹೋಗಿ ಮಾತಾಡಿಸುತ್ತಾಳೆ, ಆದರೆ ಆಕಾಶ ನೋಡಿಕೊಂಡು ಮಾತಾಡಿಸುತ್ತಾಳೆ.

ಹೆಡ್ಮಾಸ್ಟರು ನನ್ನನ್ನು ಕರೆದರು. "ಬರ್ಮಾ ಎಲ್ಲಿದೆ ಅಂತ ಸರಿಯಾಗಿ ಗೊತ್ತಿರೋದು ನಿಮಗೊಬ್ಬರಿಗೇ. ಶುಕ್ರವಾರ ಈ ಮಕ್ಕಳನ್ನ ಕೂರಿಸಿಕೊಂಡು ನಾಲ್ಕು ಮಾತು ಹೇಳಿ ಮೇಷ್ಟ್ರೇ."

ಅವರು ಕೇಳಿದ್ದು ನಾಲ್ಕು ಮಾತು. ನಾನು ಬರೆದದ್ದು ನಾಲ್ಕು ಫುಲ್‌ಸ್ಕೇಪ್ ಹಾಳೆ, ಎರಡೂ ಕಡೆ. ಕಾಗದ ಸಿಗದ ಈ ಯುದ್ಧಕಾಲದಲ್ಲಿ! ಜನ ಯಾಕೆ ಊರು ಬಿಡುತ್ತಾರೆ, ಹಕ್ಕಿಗಳು ಯಾಕೆ ವಲಸೆ ಹೋಗುತ್ತವೆ, ಹಿಂದಿನ ಕಾಲದಲ್ಲಿ ಬರಗಾಲ ಬಂದು ಉತ್ತರದಿಂದ ನಡೆದುಕೊಂಡು ಬಂದ ಮುನಿಗಳಿಗೆ ನಮ್ಮ ಬೆಟ್ಟ ಹೇಗೆ ಜಾಗ ಕೊಟ್ಟಿತು, ಹೀಗೆ. ಓದಿಕೊಂಡಾಗ ನನಗೇ ರೋಮಾಂಚನವಾಯಿತು. ಇಂಥ ಭಾಷಣವನ್ನು ರಿಹರ್ಸಲ್ ಇಲ್ಲದೆ ಮಾಡುವುದು ಪಾಪ ಅನ್ನಿಸಿತು.

ಆದ್ದರಿಂದ ಪದ್ಮಾಗೆ ಹೇಳಿದೆ. "ಗುರುವಾರ ನಿಂಗಮ್ಮನ್ನ ಮನೆಗೆ ಊಟಕ್ಕೆ ಕರಿ."

ಪದ್ಮಾ ಕುಣಿದಳು. ಆರು ವರ್ಷದ ನನ್ನ ಮಗ ಶಾಂತಿ ಮಾತ್ರ, "ವಿಮಾನಾನೂ ಬರತ್ತಾ?" ಅಂದ. ಆಸೆಯಿಂದ ಕೇಳಿದನೋ ಭಯದಿಂದಲೋ ತಿಳಿಯಲಿಲ್ಲ.

ತಮ್ಮೇಗೌಡರಿಗಂತೂ ಹಿಗ್ಗು. ಬುಧವಾರವಿಡೀ ಕಾಫಿ ಕುಡಿಯಲು ಬಂದವರಿಗೆಲ್ಲ ಅದನ್ನೇ ಹೇಳಿದರಂತೆ. "ನಮ್ಮುಡ್ಗಿ ನಾಳೆ ಮೇಷ್ಟ್ರ ಮನೇಲಿ ಉಣ್ಣಾಕೆ ಓಯ್ತಾಳೆ ಕಣಣ್ಣಾ!"

ಮನೆಯಲ್ಲಿ ನನ್ನ ಹೆಂಡತಿ, ನನ್ನ ತಾಯಿ ಇಬ್ಬರೂ ಸೇರಿ ಒತ್ತು ಶಾವಿಗೆ ಮಾಡಲು ನಿಂತರು. ಶಾವಿಗೆ ಒರಳಿನ ಹಿಡಿಯನ್ನು ತಿರುಗಿಸಲು ಭೀಮನ ತೋಳು ಬೇಕು. ಮನೆಗೆ ಅಳಿಯ ಬಂದರೆ ಮಾತ್ರ ಆ ಒರಳು ಅಟ್ಟದಿಂದ ಇಳಿಯುತ್ತದೆ. ಜೊತೆಗೆ ಕಾಯಿಹಾಲು, ಬೆಲ್ಲ, ಏಲಕ್ಕಿ. ಮಧ್ಯಾಹ್ನದಿಂದಲೇ ಮನೆಯೆಲ್ಲ ಘಮಘಮ.

ಇಲ್ಲಿ ಒಂದು ಮಾತು ಹೇಳಬೇಕು. ನಾವು ಜೈನರು. ನಮ್ಮ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಉಣ್ಣುವುದೂ ಇಲ್ಲ, ಬಡಿಸುವುದೂ ಇಲ್ಲ. ಮೋಡವಿಲ್ಲದ ದಿನ ದೊಡ್ಡಬೆಟ್ಟದ ನೆತ್ತಿಯ ಬಿಸಿಲೇ ನಮ್ಮ ಗಡಿಯಾರ. ಆಷಾಢದಲ್ಲಿ ಬಿಸಿಲೆಲ್ಲಿ? ಆಗ ನನ್ನ ತಾಯಿ ಅಂಗಳದಲ್ಲಿ ನಿಂತು ಕೈ ಮುಂದೆ ಚಾಚುತ್ತಾಳೆ. ಅಂಗೈಯ ಗೆರೆ ಕಾಣುವವರೆಗೆ ಹಗಲು. ಕಾಣದಿದ್ದರೆ ಅಡುಗೆಮನೆ ಬಂದ್.

ಗುರುವಾರ ಐದು ಗಂಟೆಗೆ ನಿಂಗಮ್ಮ ಬಂದಳು. ತಲೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹಾಕಿ ಕಳಿಸಿದ್ದರು. ಮೂರು ಮಕ್ಕಳನ್ನೂ ಪಡಸಾಲೆಯಲ್ಲಿ ಸಾಲಾಗಿ ಕೂರಿಸಿದೆ. ಊಟಕ್ಕೆ ಮೊದಲು ಹತ್ತೇ ನಿಮಿಷ, ಅಂದೆ.

ಹತ್ತು ನಿಮಿಷದಲ್ಲಿ ನಾನಿನ್ನೂ ಹಕ್ಕಿಗಳಲ್ಲೇ ಇದ್ದೆ.

ಆಮೇಲೆ ಸೀಮೆಸುಣ್ಣ ತಗೊಂಡು ನೆಲದ ಮೇಲೆ ಮ್ಯಾಪ್ ಬರೆದೆ. ಮದರಾಸು, ಬಂಗಾಳ ಕೊಲ್ಲಿ, ಆಚೆ ದಡದಲ್ಲಿ ಒಂದು ಚುಕ್ಕೆ. "ಇದು ರಂಗೂನು. ಸಮುದ್ರದ ದಂಡೆಯ ಮೇಲಿದೆ."

"ಅಲ್ಲ ಸಾ," ಅಂದಳು ನಿಂಗಮ್ಮ.

"ಏನಲ್ಲ?"

"ರಂಗೂನು ಸಮುದ್ರದ ಮ್ಯಾಲಿಲ್ಲ ಸಾ. ವೊಳೆ ಮ್ಯಾಲೈತೆ. ಸ್ಟೀಮರ್ರು ವೊಳೆಯಾಗೇ ಬಂದು ನಿಂತ್ಕತ್ತದೆ. ಅಲ್ಲಿಂದ ಸಮುದ್ರಕ್ಕೆ ಸಾನೆ ವೊತ್ತು ಓಗ್ಬೇಕು. ನಮ್ಮಪ್ಪ ಆ ವೊಳೆ ದಡದಾಗೇ ನಿಂತ್ಕಂಡು ಟವಲ್ ಬೀಸ್ತಿದ್ದ..."

ಹನ್ನೊಂದು ವರ್ಷದಿಂದ ನಾನು ರಂಗೂನನ್ನು ಸಮುದ್ರದ ಮೇಲೆ ಇಟ್ಟು ಪಾಠ ಮಾಡಿದ್ದೇನೆ. ಎಷ್ಟು ಹುಡುಗರು ಅದನ್ನೇ ಬರೆದು ಪಾಸಾಗಿದ್ದಾರೆ! ಒಪ್ಪಿಕೊಳ್ಳಲಾಗುತ್ತದೆಯೇ? ಟೆಕ್ಸ್ಟ್ ಬುಕ್ ತರಿಸಿದೆ. ಕನ್ನಡಕ ತರಿಸಿದೆ. 'ಬಂದರು' ಅನ್ನುವ ಮಾತಿಗೆ ವಿವರಣೆ ಕೊಟ್ಟೆ. ರಂಗೂನಿನಿಂದ ಅಕ್ಕಿ, ತೇಗ, ಸೀಮೆಎಣ್ಣೆ ರಫ್ತಾಗುತ್ತದೆ ಎಂದು ರಂಗೂನಿನ ಹುಡುಗಿಗೆ ಹೇಳಿಕೊಟ್ಟೆ.

ದಡದಲ್ಲಿ ಟವಲ್ ಬೀಸುತ್ತಿದ್ದ ಅಪ್ಪನ ಬಗ್ಗೆ ಒಂದು ಮಾತು ಕೇಳಲಿಲ್ಲ. ಎರಡು ತಿಂಗಳಲ್ಲಿ ಆ ಮಗು ಅಪ್ಪನ ಹೆಸರೆತ್ತಿದ್ದು ಅದೇ ಮೊದಲು. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತಿದೆ.

ಒಳಗಿನಿಂದ ಕೆಮ್ಮು ಕೇಳಿಸಿತು. ನನ್ನ ಹೆಂಡತಿಗೆ ಕೆಮ್ಮಿಲ್ಲ. ಆಮೇಲೆ ಪಾತ್ರೆ ಕುಟ್ಟಿದ ಸದ್ದು. ಆಮೇಲೆ, "ರೀ, ಎಲೆ ಹಾಕಿದೀನಿ." ಐದೇ ನಿಮಿಷ, ಅಂದೆ. ಮುಖ್ಯವಾದ ಪಾಯಿಂಟ್ ಇನ್ನೂ ಬಂದಿರಲಿಲ್ಲ. ನನ್ನ ತಾಯಿ ಅಂಗಳಕ್ಕೆ ಬಂದು ಕೈ ಚಾಚಿ ನಿಂತಳು. ಹನಿ ಬೀಳುತ್ತಿದೆಯೇನೋ ನೋಡುತ್ತಿದ್ದಾಳೆ ಅಂದುಕೊಂಡೆ. (ನಲವತ್ತು ವರ್ಷ ಆ ಕೈ ನೋಡಿದ್ದೇನೆ. ಆದರೂ ಹಾಗಂದುಕೊಂಡೆ.) ನಾನು ಅದೇ ಹೊತ್ತಿಗೆ ಬೆಟ್ಟಕ್ಕೆ ಬಂದ ಮುನಿಗಳ ಹತ್ತಿರ ತಲುಪಿದ್ದೆ. "ಮಕ್ಕಳೇ, ಹಸಿದು ಬಂದವರಿಗೆ ಈ ಊರು ಎಂದೂ ಇಲ್ಲ ಅನ್ನಲಿಲ್ಲ!" ಅಂದೆ.

ಅಂಗಳದಿಂದ ನನ್ನ ತಾಯಿ ಹೇಳಿದಳು. "ಗೆರೆ ಕಾಣ್ತಿಲ್ಲ."

ನಿಂಗಮ್ಮನಿಗೆ ಏನೂ ತಿಳಿಯಲಿಲ್ಲ. ಊಟಕ್ಕೆ ಏಳಬೇಕೇನೋ ಎಂದು ಲಂಗ ಸರಿಮಾಡಿಕೊಂಡು ಎದ್ದು ನಿಂತಳು. ಪದ್ಮಾಗೆ ತಿಳಿಯಿತು. ಅವಳು ಅಳಲು ಶುರುಮಾಡಿದಳು.

"ಮಗೂಗೆ ಒಂದು ಪಾತ್ರೆಗೆ ಹಾಕಿಕೊಡ್ತೀನಿ, ಅವರ ಮನೇಲಿ ತಿಂದುಕೊಳ್ಳಲಿ ಅತ್ತೆ," ಅಂದಳು ನನ್ನ ಹೆಂಡತಿ.

"ಕತ್ತಲಲ್ಲಿ ಉಣ್ಣೋದೂ ಒಂದೇ, ಉಣ್ಣೋಕೆ ಕೊಡೋದೂ ಒಂದೇ ಕಣಮ್ಮ. ಅವನನ್ನ ಕೇಳು. ದೇಶದೇಶದ್ದೆಲ್ಲ ಗೊತ್ತಲ್ಲ ಅವನಿಗೆ."

ದೇಶದೇಶ ಗೊತ್ತಿದ್ದವನು ನೆಲ ನೋಡಿದೆ. ನೆಲದ ಮೇಲೆ ರಂಗೂನು ಇತ್ತು, ಸಮುದ್ರದ ದಂಡೆಯ ಮೇಲೆ. ಆ ಶಾವಿಗೆಯನ್ನು ಕೊನೆಗೆ ಪಕ್ಕದ ಮನೆಯ ಹಸು ತಿಂದಿತು.

ಲಾಟೀನು ಹಿಡಿದು ಹುಡುಗಿಯನ್ನು ಮನೆಗೆ ಬಿಡಲು ಹೊರಟೆ. ಅವಳ ಮಾವನ ಮನೆಯಲ್ಲಿ ಇಂಥ ನಿಯಮವಿಲ್ಲ, ಹೋದ ತಕ್ಷಣ ಮುದ್ದೆ ಹಾಕುತ್ತಾರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

"ಹಸಿವಾಗಿದೆಯೇನಮ್ಮಾ?"

"ಇಲ್ಲ ಸಾ." ನಾಲ್ಕು ಹೆಜ್ಜೆ ನಡೆದು ಹುಡುಗಿ ನನ್ನನ್ನೇ ಸಮಾಧಾನ ಮಾಡತೊಡಗಿದಳು. "ಸ್ಟೀಮರ್ನಾಗೂ ಇಂಗೇ ಆಗಿತ್ತು ಸಾ. ಒಬ್ಬ ಬಿಳಿ ದೊರೆ ಬಂದು ಸಾನೆ ವೊತ್ತು ಮಾತಾಡ್ದ. ನೀವೆಲ್ಲಾ ನಮ್ಮೋರೇಯ, ಎದ್ರುಕೋಬ್ಯಾಡಿ ಅಂದ. ಊಟ ಮಾರ್ನೇ ದಿನ ಬಂತು."

ಪಾಪ, ಅವಳು ಚುಚ್ಚಿ ಹೇಳಲಿಲ್ಲ. ಚುಚ್ಚಿ ಹೇಳಿದ್ದರೆ ವಾಸಿಯಿತ್ತು.

ಹೋಟೆಲಿನ ಮುಂದೆ ತಮ್ಮೇಗೌಡರು ಕಾಯುತ್ತಲೇ ನಿಂತಿದ್ದರು. ಹಿಂದೆ ಬೆಂಚಿನ ಮೇಲೆ ನಾಲ್ಕೈದು ಜನ.

"ಊಟ ಆಯ್ತೇನವ್ವಾ?"

ನಿಂಗಮ್ಮ ಒಂದು ಸಲ ನನ್ನ ಮುಖ ನೋಡಿದಳು. ಒಂದು ಸಲ ಮಾವನ ಮುಖ ನೋಡಿದಳು.

"ಆಯ್ತು ಮಾವ. ಸಾವ್ಗೆ ಮಾಡಿದ್ರು. ಕಾಯಾಲು ಬಿಟ್ಕಂಡು ಒಟ್ಟೆ ತುಂಬ ಉಂಡೆ."

"ಕೇಳುದ್ರೇನಣ್ಣಾ!" ಎಂದು ಗೌಡರು ಬೆಂಚಿನ ಕಡೆ ತಿರುಗಿದರು. ಆಮೇಲೆ ನನ್ನ ಎರಡೂ ಕೈ ಹಿಡಿದುಕೊಂಡರು. "ದೊಡ್ಡೋರು ಸಾ ನೀವು. ಬೇರೇರು ಈ ಮಗೀನ ಬಾಗ್ಲು ತಾವ್ಕೂ ಬಿಟ್ಕಳಾಕಿಲ್ಲ."

ನಾನು ಏನು ಹೇಳಿದೆ ಅಂತೀರಿ? "ಅದರಲ್ಲೇನಿದೆ ಗೌಡರೇ" ಅಂದೆ. ಒಂದೂವರೆ ಗಂಟೆ ಮಾತಾಡಿದ ಬಾಯಿಂದ ಒಂದು ನಿಜವಾದ ಮಾತು ಹೊರಡಲಿಲ್ಲ. ಉಂಡೆ ಅಂದ ಮೇಲೆ ಮತ್ತೆ ತಟ್ಟೆ ಯಾರು ಇಡುತ್ತಾರೆ? ಆ ಹುಡುಗಿ ಬರೀ ಹೊಟ್ಟೆಯಲ್ಲಿ ಮಲಗುತ್ತಾಳೆ ಎಂದು ನನಗೆ ಅಲ್ಲೇ ಗೊತ್ತಾಯಿತು. ಗೊತ್ತಾಗಿಯೂ ಲಾಟೀನು ಎತ್ತಿಕೊಂಡು ಮನೆಗೆ ಬಂದೆ.

ಮನೆಯಲ್ಲಿ ಮಗ ಶಾಂತಿ ಇನ್ನೂ ಎಚ್ಚರವಾಗಿದ್ದ. "ಅಪ್ಪಾ, ಬೆಟ್ಟಕ್ಕೆ ಮುನಿಗಳು ಬಂದರಲ್ಲ, ಅವರಿಗೂ ನಮ್ಮೂರೋರು ಮೊದಲು ಪಾಠ ಮಾಡಿದರಾ?"

ಮಲಗೋ, ಅಂದೆ. ಜಾಗ್ರಫಿ ಮೇಷ್ಟ್ರಿಗೆ ಉತ್ತರ ಗೊತ್ತಿಲ್ಲದಿದ್ದರೆ ಹುಡುಗರು ಮಲಗಬೇಕು.

ಶುಕ್ರವಾರ ಬೆಳಕು ಹರಿಯುತ್ತಲೇ ನನಗೆ ಎಚ್ಚರವಾದದ್ದು ಕಿರ್‌ಕಿರ್ ಸದ್ದಿಗೆ. ಅಡುಗೆಮನೆಗೆ ಹೋಗಿ ನೋಡುತ್ತೇನೆ, ಅರವತ್ತೈದು ದಾಟಿದ ನನ್ನ ತಾಯಿ ಸೆರಗು ಬಿಗಿದು ಶಾವಿಗೆ ಒರಳು ತಿರುಗಿಸುತ್ತಿದ್ದಾಳೆ. ಹೆಂಡತಿ ತೆಂಗಿನಕಾಯಿ ತುರಿಯುತ್ತಿದ್ದಾಳೆ. ಪದ್ಮಾ ಆಗಲೇ ನಿಂಗಮ್ಮನನ್ನು ಕರೆತರಲು ಓಡಿದ್ದಳು. ನಾನು ಒರಳಿನ ಹಿಡಿಗೆ ಕೈ ಹಾಕಲು ಹೋದೆ.

"ನೀನು ಬಾಯಿ ಮುಚ್ಚಿಕೊಂಡು ಆ ಕಡೆ ಕೂತಿರು. ಅಷ್ಟು ಮಾಡು ಸಾಕು," ಅಂದಳು ತಾಯಿ.

ಕೂತೆ. ನಿಂಗಮ್ಮ ಬಂದು ನಡುಮನೆಯಲ್ಲಿ ಪದ್ಮಾ ಪಕ್ಕ ಕೂತು ಉಂಡಳು. ಮೂರು ಸಲ ಹಾಕಿಸಿಕೊಂಡಳು. ನಾಲ್ಕನೆಯ ಸಲ ನನ್ನ ತಾಯಿ ಕೇಳದೆಯೇ ಹಾಕಿ, ಪಕ್ಕದಲ್ಲೇ ಕುಕ್ಕರಗಾಲಿನಲ್ಲಿ ಕೂತು, "ನಿಮ್ಮಪ್ಪ ಟವಲ್ ಬೀಸ್ತಿದ್ದ ಅಂದೆಯಲ್ಲ ಮಗಳೇ, ಆಮೇಲೆ?" ಅಂದಳು.

ಹುಡುಗಿ ಹೇಳಿದಳು. ಎಲ್ಲ ಹೇಳಿದಳು. ಟವಲಿನ ಬಣ್ಣ ಕೆಂಪು. ದಡ ಕಾಣದ ಮೇಲೂ ಟವಲು ಕಾಣುತ್ತಿತ್ತಂತೆ. ಹೇಳುತ್ತಾ ಅತ್ತಳು, ಅಳುತ್ತಾ ಉಂಡಳು. ನನ್ನ ತಾಯಿ ಬೆನ್ನು ಸವರುತ್ತಾ ಹ್ಞೂಂಗುಟ್ಟಿದಳು, ಅಷ್ಟೆ.

ಸ್ಕೂಲಿನಲ್ಲಿ ನಾನು ಆ ನಾಲ್ಕು ಹಾಳೆ ತೆಗೆಯಲಿಲ್ಲ. ಪದ್ಮಾ ತನ್ನ ಚೀಲ ಎತ್ತಿಕೊಂಡು ಹೋಗಿ ನಿಂಗಮ್ಮನ ಬೆಂಚಿನಲ್ಲಿ ಕೂತಳು. ರಂಗ ಕೂತಲ್ಲಿಂದಲೇ ಕೂಗಿದ. "ಇಮಾನ ಬಂದ್ರೆ ಏನ್ ಮಾಡೀಯೆ?"

"ಗುಂಡಿ ತೋಡಿ ಬಗ್ಗಿ ಕೂತ್ಕಬೇಕು ಕಣ್ಲಾ. ನಿಂಗೆ ತೋಡಾಕೆ ಬತ್ತದಾ?" ಅಂದಳು ನಿಂಗಮ್ಮ.

ಮಧ್ಯಾಹ್ನದ ಬಿಡುವಿನಲ್ಲಿ ಇಡೀ ಕ್ಲಾಸು ಸ್ಕೂಲಿನ ಹಿಂದೆ ಗುಂಡಿ ತೋಡುತ್ತಿತ್ತು. ನಿಂಗಮ್ಮ ಸೊಂಟದ ಮೇಲೆ ಕೈಯಿಟ್ಟು ಮೇಸ್ತ್ರಿಕೆ ಮಾಡುತ್ತಿದ್ದಳು. ಎಲ್ಲರಿಗಿಂತ ಜೋರಾಗಿ ಅಗೆಯುತ್ತಿದ್ದವನು ರಂಗ. "ನಿಮ್ಮ ಭಾಷಣ ಭಾರಿ ಕೆಲಸ ಮಾಡಿದೆ ಮೇಷ್ಟ್ರೇ!" ಎಂದು ಹೆಡ್ಮಾಸ್ಟರು ನನ್ನ ಬೆನ್ನು ತಟ್ಟಿದರು. ಅದನ್ನೂ ತಟ್ಟಿಸಿಕೊಂಡೆ.

ಆದರೆ ಒಂದು ಬಾಕಿ ಉಳಿದಿದೆ. ತಮ್ಮೇಗೌಡರಿಗೆ ಓದು ಬರುವುದಿಲ್ಲ. ಪ್ರತಿ ಭಾನುವಾರ ಅವರ ಹೋಟೆಲಿನಲ್ಲಿ ಯಾರಾದರೊಬ್ಬರು ಈ ಅಂಕಣವನ್ನು ಗಟ್ಟಿಯಾಗಿ ಓದುತ್ತಾರೆ, ಬೆಂಚಿನ ಮೇಲಿನವರೆಲ್ಲ ಕೇಳುತ್ತಾರೆ. ಎದುರು ನಿಂತು ಹೇಳುವ ಧೈರ್ಯ ನನಗಿಲ್ಲ, ಅದಕ್ಕೇ ಇಷ್ಟು ಉದ್ದ ಬರೆದೆ. ಓದುತ್ತಿರುವವರೇ, ಕಾಫಿ ಲೋಟ ಕೆಳಗಿಟ್ಟು ಮುಂದಿನದನ್ನು ಸ್ವಲ್ಪ ಜೋರಾಗಿ ಓದಿ.

ಗೌಡರೇ, ಗುರುವಾರ ಸಂಜೆ ನಿಮ್ಮ ಹುಡುಗಿ ನಮ್ಮ ಮನೆಯಲ್ಲಿ ಉಂಡಿರಲಿಲ್ಲ. ಅವಳನ್ನು ಬೈಯಬೇಡಿ, ನನ್ನ ಮಾನ ಮುಚ್ಚಲು ಹಸಿದುಕೊಂಡು ಮಲಗಿದಳು.